ಅನರ್ಥದಂಡ

ನಾನು ಬೀಸಿದ ಚಾಟಿ ಮೊದಲು ಹುಡುಕಿಕೊಂಡು ಬಂದದ್ದು ನನ್ನ ಬಲಗಿವಿಯನ್ನೇ. ಕಿವಿ ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವವಳಿಗೆ ಇದಕ್ಕಿಂತ ತಕ್ಕ ಶಾಸ್ತಿ ಬೇರೆ ಇರಲಿಕ್ಕಿಲ್ಲ. ಸೋಮವಾರ ಕ್ಲಿನಿಕ್ಕಿನಲ್ಲಿ ಕೂದಲನ್ನು ಕಿವಿಯ ಮೇಲೆ ಇಳಿಬಿಟ್ಟುಕೊಂಡೇ ಕೆಲಸ ಮಾಡಿದೆ. ಆದರೂ ಬರೆ ಕೆನ್ನೆಯ ತನಕ ಇಣುಕುತ್ತಿತ್ತು. "ಬೆಕ್ಕು ಪರಚಿತೇ?" ಎಂದು ರಿಸೆಪ್ಶನ್ನಿನ ಹುಡುಗಿ ಕೇಳಿದಳು. ಹೌದೆಂದೆ. ಜೈನರ ಮನೆಯಲ್ಲಿ ಹುಟ್ಟಿ, ಐವತ್ತರ ಹೊಸ್ತಿಲಲ್ಲಿ ಚಾಟಿ ಬೀಸುವುದನ್ನು ಕಲಿಯಲು ಹೊರಟಿದ್ದೇನೆ ಎಂದು ಹೇಳುವುದಕ್ಕಿಂತ ತಪ್ಪನ್ನು ಬೆಕ್ಕಿನ ಮೇಲೆ ಹಾಕುವುದು ಸುಲಭವಾಗಿತ್ತು. ಅಲ್ಲಿಗೆ ಅಹಿಂಸೆಯ ಜೊತೆ ಸತ್ಯವೂ ಹೋಯಿತು.

ನಾವಿರುವುದು ಆಸ್ಟ್ರೇಲಿಯಾದ ಟುವೂಂಬಾದಲ್ಲಿ. ಬ್ರಿಸ್ಬೇನಿನಿಂದ ಪಶ್ಚಿಮಕ್ಕೆ ಸುಮಾರು 125 ಕಿಲೋಮೀಟರ್, ಘಟ್ಟ ಹತ್ತಿದ ಮೇಲೆ ಸಿಗುವ ಊರು. ಅದರಾಚೆ ಡಾರ್ಲಿಂಗ್ ಡೌನ್ಸ್‌ನ ಕರಿಮಣ್ಣು. ಮೊದಲ ಸಲ ಆ ಮಣ್ಣು ಕಂಡಾಗ ನಮ್ಮ ದೂಧಗಂಗೆಯ ದಂಡೆಯ ಎರೆಹೊಲವೇ ಕಣ್ಣ ಮುಂದೆ ಬಂತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಅಲ್ಲಿ ಇಲ್ಲಿ ಸುತ್ತಿ ಇಲ್ಲಿಗೆ ಬಂದು ಮುಟ್ಟಿದವಳು ನಾನು. ನನ್ನ ರೋಗಿಗಳಲ್ಲಿ ಹೆಚ್ಚಿನವರು ರೈತರು, ದನ ಸಾಕಿದವರು. ಟ್ರ್ಯಾಕ್ಟರು, ಪಂಪು, ಬಂದೂಕು ಇವರ ಕಿವಿಯನ್ನು ವರ್ಷಗಟ್ಟಲೆ ತಿಂದಿರುತ್ತವೆ. ಅವರ ಆಡಿಯೋಗ್ರಾಮ್ ನೋಡಿದರೆ 4000 ಹರ್ಟ್ಸ್ ಆಸುಪಾಸಿನಲ್ಲಿ ಗೆರೆ ಗುಂಡಿಗೆ ಬಿದ್ದು ಮತ್ತೆ ಮೇಲೇಳುತ್ತದೆ. ಸಪ್ಪಳ ಕೊರೆದ ಗುಂಡಿ ಅದು. ಬಲಗೈಯವನು ಬಂದೂಕು ಹಾರಿಸಿದರೆ ನಳಿಕೆಯ ಕಡೆಗಿರುವ ಎಡಗಿವಿ ಹೆಚ್ಚು ಕೆಡಬೇಕು. ಎಂಬತ್ತೆರಡು ವರ್ಷದ ಒಬ್ಬರಿಗೆ ಮಾತ್ರ ಬಲಗಿವಿ ಹೆಚ್ಚು ಕೆಟ್ಟಿತ್ತು. ಏಕೆಂದು ಕೇಳಿದೆ. "ಸ್ಟಾಕ್‌ವಿಪ್" ಎಂದರು, ಹೆಂಡತಿಯ ಹೆಸರು ಹೇಳುವವರ ಹಾಗೆ. ವೃತ್ತಿಧರ್ಮದಂತೆ ಅವರ ಹೆಸರು ಹೇಳುವಂತಿಲ್ಲ, ಡ್ರೋವರ್ ಎನ್ನುತ್ತೇನೆ. ಕ್ವೀನ್ಸ್‌ಲ್ಯಾಂಡಿನ ಪಶ್ಚಿಮದಿಂದ ದನದ ಹಿಂಡನ್ನು ಕುದುರೆಯ ಮೇಲೆ ಕೂತು ವಾರಗಟ್ಟಲೆ ಹೊಡೆದುಕೊಂಡು ಬರುವುದು ಅವರ ಕಸುಬಾಗಿತ್ತು.

ಇಲ್ಲಿಯವರಿಗೆ ಚಾಟಿ ಎಂದರೆ ಅಂಥ ಹೆಮ್ಮೆ. 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆ ಶುರುವಾದದ್ದೇ ಒಬ್ಬ ಸವಾರ ಕ್ರೀಡಾಂಗಣದ ನಡುವೆ ಕುದುರೆಯನ್ನು ಹಿಂಗಾಲ ಮೇಲೆ ನಿಲ್ಲಿಸಿ ಚಾಟಿ ಬೀಸಿದ ಸಪ್ಪಳದಿಂದ. ಅದರ ಹಿಂದೆ ನೂರಿಪ್ಪತ್ತು ಕುದುರೆಗಳು ನುಗ್ಗಿ ಬಂದವು. ಈಗ ದನ ಕಾಯಲು ಮೋಟರ್‌ಬೈಕು, ಹೆಲಿಕಾಪ್ಟರು ಬಂದಿವೆ. ಚಾಟಿ ಜಾತ್ರೆಗೆ, ಸ್ಪರ್ಧೆಗೆ, ಭಾನುವಾರಕ್ಕೆ ಉಳಿದಿದೆ. ಅಮೆರಿಕದವರ ಬುಲ್‌ವಿಪ್ಪಿನಲ್ಲಿ ಹಿಡಿಕೆ ಗಿಡ್ಡ, ಹೆಣಿಗೆ ಹಿಡಿಕೆಯಿಂದಲೇ ಹಾವಿನಂತೆ ಇಳಿಯುತ್ತದೆ. ಇಲ್ಲಿಯ ಸ್ಟಾಕ್‌ವಿಪ್ಪಿನಲ್ಲಿ ಮೊಳದುದ್ದದ ಬೆತ್ತದ ಹಿಡಿಕೆ, ಅದಕ್ಕೆ ಕುಣಿಕೆಯಿಂದ ಸಿಕ್ಕಿಸಿದ ಬೇರೆ ಹೆಣಿಗೆ. ಎರಡಕ್ಕೂ ತುದಿಯಲ್ಲಿ ಒಂಟಿ ಬಾರು, ಬಾರಿನ ತುದಿಗೆ ಬಿಚ್ಚಿದ ದಾರದ ಕುಚ್ಚು. ಸಪ್ಪಳ ಹುಟ್ಟುವುದು ಆ ಕುಚ್ಚಿನಲ್ಲಿ ಎನ್ನುತ್ತಾರೆ. ಅದಕ್ಕೆ ಕ್ರ್ಯಾಕರ್ ಎಂದೇ ಹೆಸರು.

ನನಗೂ ಕಲಿಸಿ ಎಂದಾಗ, ಒಳ್ಳೆಯ ಚಾಟಿ ಬೇಕೆಂದರೆ ಕಾಂಗರೂ ತೊಗಲೇ ಆಗಬೇಕು ಎಂದರು ಡ್ರೋವರ್. ತೆಳ್ಳಗೆ ಸೀಳಿದರೂ ಹರಿಯದ ತೊಗಲು ಅದೊಂದೇ. ಎಂಟು ಎಳೆ, ಹನ್ನೆರಡು ಎಳೆ ಹೆಣೆಯಬಹುದು. ನಾನು ತೊಗಲು ಮುಟ್ಟುವುದಿಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೆ ವಾದಕ್ಕೆ ನಿಲ್ಲಲಿಲ್ಲ. ಪ್ಯಾರಾಶೂಟಿಗೆ ಬಳಸುವ ನೈಲಾನ್ ಹುರಿಯಿಂದ ಹೆಣೆದ ಚಾಟಿಗಳೂ ಸಿಗುತ್ತವೆ. ತೂಕಕ್ಕೆಂದು ಒಳಗೆ ಸಣ್ಣ ಕಬ್ಬಿಣದ ಗುಂಡು ತುಂಬಿರುತ್ತಾರೆ. ನೀಲಿ ಬಣ್ಣದ್ದೊಂದನ್ನು ತರಿಸಿಕೊಂಡೆ. "ಬಟ್ಟೆ ಒಣಹಾಕುವ ಹಗ್ಗ" ಎಂದು ಹೆಸರಿಟ್ಟರು ಡ್ರೋವರ್. ಯಾವ ಪ್ರಾಣಿಯೂ ಸಾಯದ ಚಾಟಿ, ಯಾರ ಮೈಗೂ ತಾಗದ ಚಾಟಿ. ಇದರಲ್ಲಿ ಹಿಂಸೆ ಎಲ್ಲಿಂದ ಬರಬೇಕು ಎಂದುಕೊಂಡು ನೆಮ್ಮದಿಯಾಗಿದ್ದೆ.

ಮೂರು ತಿಂಗಳು ಮೈಯೆಲ್ಲ ಬರೆ. ಮೀನಖಂಡ, ಬೆನ್ನು, ಒಮ್ಮೆ ತುಟಿ. ಕನ್ನಡಕ, ಅಗಲ ಅಂಚಿನ ಟೋಪಿ, ಕಿವಿಗೆ ಮುಚ್ಚಳ ಇಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ. ರೋಗಿಗಳಿಗೆ ಹೇಳುವುದನ್ನು ನಾನಾದರೂ ಪಾಲಿಸಬೇಕಲ್ಲ. ಇಲ್ಲಿನ ಕಾನೂನಿನಲ್ಲಿ ಕೆಲಸದ ಜಾಗದ ಸಪ್ಪಳಕ್ಕೆ ಎರಡು ಮಿತಿ: ದಿನವಿಡೀ ಕೇಳುವುದಕ್ಕೆ 85 ಡೆಸಿಬೆಲ್, ಸಿಡಿಲಿನಂತೆ ಒಮ್ಮೆಗೇ ಬರುವುದಕ್ಕೆ 140. ಚಾಟಿ ಎರಡನೆಯ ಜಾತಿಯದು. ಬೀಸಬೇಡಿ, ತೋಳು ಎತ್ತಿ ಇಳಿಸಿ, ಉಳಿದದ್ದನ್ನು ಚಾಟಿ ಮಾಡುತ್ತದೆ ಎಂದು ಡ್ರೋವರ್ ಬೇಲಿಗೆ ಒರಗಿ ಕೂಗುತ್ತಿದ್ದರು. ನಾನು ಬಲ ಹಾಕಿದಷ್ಟೂ ಅದು ಬರಿ ಸುಯ್ಯೆನ್ನುತ್ತಿತ್ತು. ಜುಲೈ ತಿಂಗಳ ಒಂದು ಬೆಳಗ್ಗೆ, ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ್ದಾಗ, ಬೇಸರದಿಂದ ಕೈಸೋತು ಎತ್ತಿ ಇಳಿಸಿದೆ. ಚಟೀರ್! ಪಕ್ಕದ ನೀಲಗಿರಿ ಮರದಿಂದ ಬಿಳಿ ಕಾಕಟೂಗಳು ಒಮ್ಮೆಗೇ ಎದ್ದು ಬೈಯುತ್ತ ಹಾರಿಹೋದವು. ನನ್ನ ಕೈಗೆ ಏನೂ ತಿಳಿಯಲಿಲ್ಲ. ಏನೋ ಆಯಿತು, ಅದು ನನ್ನಿಂದ ಆಯಿತು, ಆದರೆ ನಾನು ಮಾಡಿದ್ದಲ್ಲ. ಆ ಸುಖಕ್ಕೆ ನಾನು ಇನ್ನೂ ಹೆಸರಿಟ್ಟಿಲ್ಲ.

ಈ ಸಪ್ಪಳದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ನನ್ನ ತರ್ಕ ಕೆಟ್ಟದ್ದೇ ಇಲ್ಲಿ. ಚಾಟಿ ಸಪ್ಪಳ ಮಾಡುವುದು ಯಾವುದಕ್ಕೂ ಬಡಿದಲ್ಲ. ತನ್ನ ಮೈಗೆ ತಾನು ಬಡಿದುಕೊಂಡೂ ಅಲ್ಲ. ಹಿಡಿಕೆಯ ಬಳಿ ಹೆಬ್ಬೆರಳಿನಷ್ಟು ದಪ್ಪವಿರುವುದು ತುದಿಗೆ ಬರುವಷ್ಟರಲ್ಲಿ ದಾರದೆಳೆಯಾಗಿರುತ್ತದೆ. ತೋಳು ಕೊಟ್ಟ ಶಕ್ತಿ ಒಂದು ಸುತ್ತಾಗಿ ಹೆಣಿಗೆಯಗುಂಟ ಓಡುತ್ತದೆ. ಮುಂದೆ ಹೋದಂತೆ ಹೊರಬೇಕಾದ ತೂಕ ಕಡಿಮೆಯಾಗುತ್ತದೆ, ಆದ್ದರಿಂದ ಓಟ ಹೆಚ್ಚುತ್ತದೆ. 20 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಚಳಿಯಲ್ಲಿ ಇನ್ನೂ ತುಸು ಕಡಿಮೆ. ಕೊನೆಯಲ್ಲಿ ಚಾಟಿ ಅದನ್ನು ದಾಟುತ್ತದೆ. ಯುದ್ಧವಿಮಾನ ಶಬ್ದವನ್ನು ಮೀರಿದಾಗ ಕೇಳುವ ಗುಡುಗೇ ಇಲ್ಲಿ ಅಂಗೈಯಷ್ಟಾಗಿ ಕೇಳುತ್ತದೆ. ತುದಿಯ ಕುಚ್ಚೇ ಗುಡುಗುತ್ತದೆ ಎಂದು ಬಹುಕಾಲ ತಿಳಿದಿದ್ದರು. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಅಲೇನ್ ಗೋರಿಯಲಿ, ಟೈಲರ್ ಮ್ಯಾಕ್‌ಮಿಲನ್ ಎಂಬಿಬ್ಬರು 2002ರಲ್ಲಿ ಲೆಕ್ಕ ಹಾಕಿ, ಗುಡುಗಿನ ಮೂಲ ಹೆಣಿಗೆಯಗುಂಟ ಓಡಿಬರುವ ಆ ಸುತ್ತು ಎಂದು ತೋರಿಸಿದರು.

ಯಾವುದಕ್ಕೂ ತಾಗದೆ ಹುಟ್ಟುವ ಸಪ್ಪಳ! ನನಗೆ ಕೂಡಲೇ ನೆನಪಾದದ್ದು ಅನಾಹತ ನಾದ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ತನ್ನ 'ಸಂಗೀತ ರತ್ನಾಕರ'ದಲ್ಲಿ ನಾದವನ್ನು ಆಹತ, ಅನಾಹತ ಎಂದು ಎರಡಾಗಿ ಮಾಡುತ್ತಾನೆ. ಒಂದು ವಸ್ತು ಇನ್ನೊಂದಕ್ಕೆ ತಾಗಿ ಬರುವುದು ಆಹತ. ಯೋಗಿಗಳಿಗೆ ಮಾತ್ರ ಕೇಳುವುದು ಅನಾಹತ. ಯೋಗಿಯಾಗದೆಯೇ, ನೈಲಾನ್ ಹಗ್ಗ ಬೀಸಿ ಅನಾಹತವನ್ನು ಗಳಿಸಿಕೊಂಡೆ ಎಂದು ಒಂದು ವಾರ ಬೀಗಿದ್ದೆ. ಇಂಥ ಹೋಲಿಕೆಗಳು ದೂರದಿಂದ ಚೆಂದ. ಅಂಗಡಿಯಲ್ಲಿ ಕಾಲಿಗೆ ಹಾಕಿ ನೋಡಿದ ಚಪ್ಪಲಿಯಂತೆ ನಾಲ್ಕು ಹೆಜ್ಜೆ ಇಟ್ಟರೆ ಕಚ್ಚಲು ಶುರು. ಚಾಟಿ ಯಾವುದಕ್ಕೂ ತಾಗುವುದಿಲ್ಲ ಎಂದವರಾರು? ಅದು ಗಾಳಿಗೆ ತಾಗುತ್ತದೆ. ಗಾಳಿ ಸರಿದು ದಾರಿ ಬಿಡುವಷ್ಟು ಪುರಸೊತ್ತನ್ನೂ ಕೊಡದೆ ಅಪ್ಪಳಿಸುತ್ತದೆ. ನಾವು ಕೇಳುವುದು ಆ ಪೆಟ್ಟನ್ನು.

ಇದನ್ನು ನನಗೆ ಹೇಳಿದ್ದು ಭೌತಶಾಸ್ತ್ರವಲ್ಲ, ಅವ್ವ.

ಮಗಳು ನನ್ನ ಚಾಟಿಯಾಟದ ವಿಡಿಯೋ ಮಾಡಿ, ಅಸಲಿ ಸಪ್ಪಳ ತೆಗೆದು ಯಾವುದೋ ಸಿನಿಮಾ ಹಾಡು ಹಚ್ಚಿ ಮನೆಮಂದಿಯ ವಾಟ್ಸ್ಯಾಪ್ ಗುಂಪಿಗೆ ಕಳಿಸಿದ್ದಳು. ಚಿಕ್ಕೋಡಿ ಕಡೆಯ ನಮ್ಮೂರಿನಲ್ಲಿ ಅದನ್ನು ಯಾರೋ ಅವ್ವನಿಗೆ ತೋರಿಸಿದ್ದಾರೆ. ಫೋನು ಬಂತು.

"ಯಾರಿಗೆ ಹೊಡ್ಯಾಕತ್ತಿ ಅದು?"

"ಯಾರಿಗೂ ಇಲ್ಲವ್ವಾ. ಗಾಳಿಗೆ."

"ಗಾಳಿಗ್ಯಾಕ? ಗಾಳಿ ಏನ ಮಾಡಿತ್ತ ನಿನಗ?" ಸ್ವಲ್ಪ ತಡೆದು, "ಗಾಳಿಗೂ ಜೀವ ಐತಿ" ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ. ಅಷ್ಟಮಿ, ಚತುರ್ದಶಿಗೆ ಅವಳು ಫ್ಯಾನು ಹಾಕುವುದಿಲ್ಲ. ಬೇಸಿಗೆಯಲ್ಲೂ ಹಾಕುವುದಿಲ್ಲ. ಚಿಕ್ಕಂದಿನಲ್ಲಿ ಅದು ಕರೆಂಟು ಉಳಿಸುವ ಉಪಾಯವೆಂದು ತಿಳಿದಿದ್ದೆ.

ಅವ್ವನ ಮಾತಿಗೆ ಪುಸ್ತಕದ ಆಧಾರ ಹುಡುಕುವುದು ಓದಿದ ಮಕ್ಕಳ ಹಳೆಯ ಚಾಳಿ. ಹುಡುಕಿದೆ. ಜೈನರ ಲೆಕ್ಕದಲ್ಲಿ ಮಣ್ಣು, ನೀರು, ಬೆಂಕಿ, ಗಾಳಿ, ಗಿಡ ಈ ಐದೂ ಜೀವಗಳಿರುವ ದೇಹಗಳೇ. ಅವು ಏಕೇಂದ್ರಿಯ, ಅವಕ್ಕಿರುವುದು ಸ್ಪರ್ಶ ಒಂದೇ. ಓದುತ್ತ ಓದುತ್ತ ನನ್ನ ಕೈ ನಿಂತಿತು. ಇಪ್ಪತ್ತೈದು ವರ್ಷ ಕಿವಿಯ ಜೊತೆ ಬದುಕಿದವಳು ನಾನು. ಗಾಳಿಯ ಜೀವಕ್ಕೆ ಕಿವಿಯಿಲ್ಲ. ನಾನು ಯಾವ ಚಟೀರಿಗೆ ಹಿಗ್ಗುತ್ತೇನೋ ಆ ಚಟೀರ್ ಅದಕ್ಕೆ ಕೇಳಿಸುವುದಿಲ್ಲ. ಅದಕ್ಕೆ ತಿಳಿಯುವುದು ಪೆಟ್ಟು ಮಾತ್ರ.

ಹಾಗೆಂದು ಸಂಸಾರಸ್ಥರು ಉಸಿರಾಡದೆ ಇರಬೇಕೆಂದು ಯಾವ ಆಚಾರ್ಯರೂ ಹೇಳಿಲ್ಲ. ಮುನಿಗಳ ದಾರಿ ಬೇರೆ. ಅವರು ಕೂರುವ ಮುಂಚೆ ನವಿಲುಗರಿಯ ಪಿಂಛಿಯಿಂದ ನೆಲವನ್ನು ಮೆಲ್ಲಗೆ ಸವರಿ ಇರುವೆಗೂ ನೋವಾಗದಂತೆ ನೋಡಿಕೊಳ್ಳುತ್ತಾರೆ. ಪಿಂಛಿಗೂ ಒಂದು ಹಿಡಿಕೆ, ತುದಿಯಲ್ಲಿ ಬಳುಕುವ ಎಳೆಗಳು. ನನ್ನ ಕೈಯಲ್ಲಿರುವುದಕ್ಕೂ ಅಷ್ಟೇ. ಇರಲಿ. ಗೃಹಸ್ಥರು ಬಿಡಬೇಕಾದದ್ದು ಓಡಾಡುವ ಜೀವಗಳ ಹಿಂಸೆ. ಮಣ್ಣು, ನೀರು, ಗಾಳಿಗಳ ವಿಷಯದಲ್ಲಿ ಅವರಿಂದ ಕೇಳುವುದು ಇಷ್ಟೇ: ಬೇಕಾದಷ್ಟು ಬಳಸಿರಿ, ಬೇಡದ್ದನ್ನು ಬಿಡಿರಿ. ಈ ಬೇಡದ್ದಕ್ಕೆ ಶಾಸ್ತ್ರದಲ್ಲಿ ಇಟ್ಟ ಹೆಸರು ಅನರ್ಥದಂಡ. ಅರ್ಥವಿಲ್ಲದೆ, ಅಂದರೆ ಯಾವ ಕೆಲಸಕ್ಕೂ ಅಲ್ಲದೆ, ಇನ್ನೊಂದು ಜೀವಕ್ಕೆ ಕೊಡುವ ಪೆಟ್ಟು. ನಮ್ಮ ಆಡುಮಾತಿನ ದಂಡಕ್ಕೂ ಎರಡೂ ಅರ್ಥಗಳಿವೆ: ಶಿಕ್ಷೆಯೂ ದಂಡವೇ, ಸುಮ್ಮನೆ ಹಾಳಾದದ್ದೂ ದಂಡವೇ. ದಂಡದ ಖರ್ಚು ಎನ್ನುವುದಿಲ್ಲವೇ?

ಆಚಾರ್ಯ ಸಮಂತಭದ್ರರು ಶ್ರಾವಕರಿಗಾಗಿ, ಅಂದರೆ ಗೃಹಸ್ಥ ಜೈನರಿಗಾಗಿ, ಬರೆದ 'ರತ್ನಕರಂಡಕ'ದಲ್ಲಿ ಅನರ್ಥದಂಡಕ್ಕೆ ಐದು ಬಗೆ ಹೇಳಿದ್ದಾರೆ. ಪಾಪದ ಕೆಲಸಕ್ಕೆ ಸಲಹೆ ಕೊಡುವುದು, ಹಿಂಸೆಯ ಸಾಧನವನ್ನು ಇನ್ನೊಬ್ಬರಿಗೆ ದಾಟಿಸುವುದು, ಇನ್ನೊಬ್ಬರ ಕೇಡನ್ನು ಮನಸ್ಸಿನಲ್ಲಿ ಮೆಲುಕು ಹಾಕುವುದು, ಕೇಳಬಾರದ್ದನ್ನು ಕೇಳುವುದು, ಮೈಮರೆತು ನಡೆಯುವುದು. ಕೊನೆಯದರ ವಿವರದಲ್ಲಿ, ಫಲವಿಲ್ಲದೆ ನೆಲ, ನೀರು, ಬೆಂಕಿಗಳನ್ನು ಕಲಕುವುದರ ಸಾಲಿನಲ್ಲಿ ಗಾಳಿಯೂ ಸೇರಿದೆ. ಅವ್ವ ಇದನ್ನು ಓದಿದವಳಲ್ಲ. ಬಸದಿಯ ಕಂಬಕ್ಕೆ ಒರಗಿ ಕೇಳಿದವಳು.

ಅಷ್ಟಕ್ಕೇ ಮುಗಿಯಲಿಲ್ಲ. ಗಂಗರ ದೊರೆ ದುರ್ವಿನೀತನ ಗುರುಗಳೆಂಬ ಪ್ರತೀತಿಯುಳ್ಳ, ನಮ್ಮ ನಾಡಿನ ನಂಟಿನ ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ 'ಸರ್ವಾರ್ಥಸಿದ್ಧಿ' ಎಂಬ ಟೀಕೆ ಬರೆದಿದ್ದಾರೆ. ಯಾರ ಕೈಗೂ ದಾಟಿಸಬಾರದ ಸಾಧನಗಳನ್ನು ಹೇಳುವಾಗ ವಿಷ, ಬೆಂಕಿ, ಹಗ್ಗಗಳ ಜೊತೆಗೆ ಕಶಾ ಎಂದೂ ಬರೆಯುತ್ತಾರೆ. ಕಶಾ ಎಂದರೆ ಚಾಟಿ. ಇನ್ನೊಂದು ಕಡೆ, ಗೃಹಸ್ಥರ ಅಹಿಂಸಾಣುವ್ರತಕ್ಕೆ ಬರುವ ಐದು ಕುಂದುಗಳನ್ನು ಬಿಡಿಸುವಾಗ ಮತ್ತೆ ಅದೇ ಕಶಾ. ಆ ಕುಂದುಗಳು ಇವು: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಮೇವು ನೀರು ತಪ್ಪಿಸುವುದು. ಸಾವಿರದೈನೂರು ವರ್ಷಗಳ ಹಿಂದಿನ ಸನ್ಯಾಸಿಯೊಬ್ಬರು ಎರಡೆರಡು ಸಲ ನನ್ನ ಗ್ಯಾರೇಜಿನ ಮೊಳೆಗೆ ನೇತುಹಾಕಿದ ಚಾಟಿಯನ್ನೇ ಬೊಟ್ಟು ಮಾಡಿ ತೋರಿಸಿದಂತಾಯಿತು.

ಆ ಐದು ಕುಂದುಗಳನ್ನು ಓದಿದರೆ ನನಗೆ ಅಜ್ಜನ ಎತ್ತಿನ ಗಾಡಿ ಕಾಣುತ್ತದೆ. ನಾವು ಒಕ್ಕಲುತನದ ಜೈನರು. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಮಾರ್ಗಕ್ಕೆ ಮತ್ತೆ ಜೀವ ಕೊಟ್ಟ ಆಚಾರ್ಯ ಶಾಂತಿಸಾಗರರೂ ನಮ್ಮ ಸೀಮೆಯ ಭೋಜ ಗ್ರಾಮದ ಒಕ್ಕಲಿನ ಮನೆಯವರೇ. ಸಂಸಾರದಲ್ಲಿದ್ದಾಗ ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರಿಡುತ್ತಿದ್ದರಂತೆ. ಅಜ್ಜ ಈ ಕಥೆ ಹೇಳುವಾಗ ಅವನ ಕಣ್ಣು ತುಂಬುತ್ತಿತ್ತು. ಹೇಳಿ ಮುಗಿಸಿ ಕವಣೆ ತಗೊಂಡು ಜೋಳದ ಹೊಲದ ಅಟ್ಟ ಹತ್ತುತ್ತಿದ್ದ. ಅವನ ಬಾರಕೋಲಿಗೆ ತೊಗಲಿನ ಬಾರು ಇರಲಿಲ್ಲ, ಪುಂಡಿನಾರಿನ ಹುರಿ ಇತ್ತು. ಕಾಲಲ್ಲಿ ಮಾತ್ರ ಅಥಣಿಯ ತೊಗಲಿನ ಚಪ್ಪಲಿ. "ಇದು ಹೊಡ್ಯಾಕಲ್ಲ, ಕೇಳಸಾಕ" ಎಂದು ಹುರಿಯನ್ನು ಎತ್ತುಗಳ ಕಿವಿಯ ಮೇಲೆ ಗಾಳಿಯಲ್ಲಿ ಚಟ್ಟೆನ್ನಿಸುತ್ತಿದ್ದ. ಡ್ರೋವರ್ ಕೂಡ ಇದೇ ಮಾತು ಹೇಳಿದ್ದರು. ಒಳ್ಳೆಯ ದನಗಾಹಿಯ ಚಾಟಿ ದನಕ್ಕೆ ತಾಗುವುದಿಲ್ಲ, ತಾಗಿದರೆ ಅವನಿಗೆ ಕೆಲಸ ಬರುವುದಿಲ್ಲ ಎಂದು ಅರ್ಥ.

ಆದರೆ ನಾನು ಕಂಡದ್ದು ಬೇರೆಯೂ ಇದೆ. ಕಬ್ಬಿನ ಸುಗ್ಗಿ. ಹೇರು ಅಟ್ಟದೆತ್ತರ. ಒಡ್ಡಿನ ಹತ್ತಿರ ಗಾಡಿಯ ಗಾಲಿ ಕೆಸರಿನಲ್ಲಿ ಹೂತು, ಸರ್ಜಾ ಎಂಬ ಎತ್ತು ಮೊಣಕಾಲೂರಿ ಕೂತುಬಿಟ್ಟಿತು. ಅಜ್ಜ ಮೊದಲು ಗಾಳಿಯಲ್ಲಿ ಚಟ್ಟೆನ್ನಿಸಿದ. ಎರಡನೆಯದು ಗಾಳಿಯಲ್ಲಿ ಆಗಲಿಲ್ಲ. ಮೂರು, ನಾಲ್ಕು, ಐದು. ಆಮೇಲೆ ನಾನು ಮುಖ ತಿರುಗಿಸಿದೆ. ಗಾಡಿ ಎದ್ದಿತು. ಆ ದಿನ ಹೊತ್ತು ಮುಳುಗುವ ಮುಂಚೆ ಅವ್ವ ತಾಟು ಹಚ್ಚಿಟ್ಟು ಕರೆದರೂ ಅಜ್ಜ ಬರಲಿಲ್ಲ. ಕೊಟ್ಟಿಗೆಯಲ್ಲಿ ಸರ್ಜಾನ ಬೆನ್ನಿಗೆ ಎಣ್ಣೆ ಸವರುತ್ತ ಕೂತಿದ್ದ. ಮರುದಿನ ಮತ್ತೆ ಅಷ್ಟೇ ಹೇರು. ಅಲ್ಲಿ ಒಡೆಯದ ವ್ರತ ಯಾವುದಿತ್ತು? ಕಟ್ಟಿತ್ತು, ಹೊಡೆದಿತ್ತು, ಹೊರೆ ಮಿತಿಮೀರಿತ್ತು. ಆದರೂ ಶಾಸ್ತ್ರದ ತಕ್ಕಡಿಯಲ್ಲಿ ಒಕ್ಕಲುತನದ ಹಿಂಸೆಗೆ ಉದ್ಯೋಗಿ ಎಂಬ ಹೆಸರುಂಟು. ಬದುಕಿನ ದಾರಿಯಲ್ಲಿ ತಪ್ಪದೆ ಬರುವ ಹಿಂಸೆ ಅದು, ಗೃಹಸ್ಥನಿಗೆ ಅಷ್ಟು ಸಡಿಲಿಕೆ. ನೂರಾರು ದನಗಳನ್ನು ಕಸಾಯಿಖಾನೆಯ ಕಡೆಗೆ ನಡೆಸಿದ ಡ್ರೋವರಿಗೆ ಆ ಸಡಿಲಿಕೆ ಸಿಗದು, ಅದು ಬೇರೆ ಮಾತು. ಆದರೆ ಅವರ ಚಾಟಿಗೂ ಒಂದು ಕೆಲಸವಿತ್ತು. ಖಾಲಿ ಬಯಲಿನಲ್ಲಿ ನಿಂತು ಯಾರಿಗೂ ಹೊಡೆಯದ ನನಗೆ ಏನಿದೆ?

ನನ್ನನ್ನು ಸಿಕ್ಕಿಸಿದ್ದು ಈ ಗಂಟು. ನಮ್ಮ ಕಾಲ ಹವ್ಯಾಸವನ್ನು ಹೊಗಳುವುದೇ ಅದಕ್ಕೆ ಉದ್ದೇಶವಿಲ್ಲ ಎಂಬ ಕಾರಣಕ್ಕೆ. ದುಡ್ಡಿಗಲ್ಲ, ಹೆಸರಿಗಲ್ಲ, ಸುಮ್ಮನೆ. ಆದ್ದರಿಂದ ಅದು ಶುದ್ಧ. ನಮ್ಮ ಆಚಾರ್ಯರು ಅದೇ ಸುಮ್ಮನೆಯನ್ನು ಹಿಡಿದು ಕೇಳುತ್ತಾರೆ: ಸುಮ್ಮನೆ ಏಕೆ? ಹಸಿವಿಗೆ ಕಿತ್ತ ಹಣ್ಣಿಗಿಂತ ದಾರಿಯಲ್ಲಿ ಹೋಗುತ್ತ ಸುಮ್ಮನೆ ಚಿವುಟಿದ ಎಲೆ ಹೆಚ್ಚಿನ ತಪ್ಪು. ಈ ತಕ್ಕಡಿಯಲ್ಲಿ ಅಜ್ಜನ ಐದು ಪೆಟ್ಟಿಗಿಂತ ನನ್ನ ಐನೂರು ಚಟೀರು ತೂಗುತ್ತವೆ ಎಂದು ನಾನು ಒಪ್ಪಲಾರೆ. ಸರ್ಜಾನ ಮೊಣಕಾಲು ನನಗೆ ಇನ್ನೂ ಕಾಣುತ್ತದೆ. ಒಂದು ಎತ್ತಿಗೂ ಒಂದು ಬೊಗಸೆ ಗಾಳಿಗೂ ವ್ಯತ್ಯಾಸವಿದೆ ಎಂದು ಶಾಸ್ತ್ರವೂ ಹೇಳುತ್ತದೆ, ಐದು ಇಂದ್ರಿಯಕ್ಕೂ ಒಂದಕ್ಕೂ ಅಂತರವಿಟ್ಟಿದೆ. ಆದರೆ ಅಜ್ಜನಿಗೆ ಅಂದು ಊಟ ಸೇರಲಿಲ್ಲ. ನನಗೆ ಒಂದು ದಿನವಾದರೂ ಊಟ ತಪ್ಪಿದೆಯೇ? ತಪ್ಪಿಲ್ಲ. ಚಾಟಿಯಾಟ ಮುಗಿಸಿ ಬಂದ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದಿದ್ದೇನೆ.

ಚಾಟಿಯ ಸಪ್ಪಳಕ್ಕೆ ಬಾಗಿಲು ತೆರೆಯುವುದನ್ನು ನಾನು ಚಿಕ್ಕಂದಿನ ಇನ್ನೊಂದು ನೆನಪಿನಿಂದ ಬಲ್ಲೆ. ದುರುಗಮುರುಗಿಯವರು ಬರುತ್ತಿದ್ದರು. ಹೆಂಗಸಿನ ತಲೆಯ ಮೇಲೆ ದೇವಿಯ ಪೆಟ್ಟಿಗೆ, ಕೈಯಲ್ಲಿ ಉರುಮೆ. ಅದರ ಗೊರಗೊರ ಸಪ್ಪಳ ಹೊಟ್ಟೆಯಲ್ಲಿ ಕೇಳಿಸುತ್ತಿತ್ತು. ಗಂಡಸಿನ ಬರಿ ಮೈ, ಉದ್ದ ಕೂದಲು, ಕಾಲಿಗೆ ಗೆಜ್ಜೆ. ಅಂಗಳದಲ್ಲಿ ನಿಂತು ದಪ್ಪ ಹುರಿಯ ಚಾಟಿಯನ್ನು ಸುತ್ತಿ ಗಾಳಿಯಲ್ಲಿ ಸಿಡಿಸಿ, ಅದೇ ಬೀಸಿನಲ್ಲಿ ತನ್ನ ತೋಳಿಗೆ, ಬೆನ್ನಿಗೆ ಹೊಡೆದುಕೊಳ್ಳುತ್ತಿದ್ದ. ಈಗ ಚಾಟಿ ಕಲಿತವಳ ಕಣ್ಣಿನಿಂದ ಹಿಂದಕ್ಕೆ ನೋಡಿದರೆ ಒಂದು ತಿಳಿಯುತ್ತದೆ: ಶಕ್ತಿಯೆಲ್ಲ ಗಾಳಿಯಲ್ಲೇ ಸಿಡಿದು, ಮೈಗೆ ಬೀಳುವಷ್ಟರಲ್ಲಿ ಹುರಿ ಸೋತಿರಬೇಕು. ದೊಡ್ಡ ಕೈಚಳಕ ಅದು. ಆದರೂ ಬರೆಗಳಿದ್ದವು, ಹಳೆಯವು, ಹೊಸವು. ಅವ್ವ ಮೊರದಲ್ಲಿ ಜೋಳ ತಂದು, "ಹೊಡ್ಕೋಬ್ಯಾಡಪಾ, ಸುಮ್ನ ಒಯ್ಯಿ" ಎನ್ನುತ್ತಿದ್ದಳು. ಒಮ್ಮೆ ಆತ ಜೋಳಿಗೆ ಒಡ್ಡುತ್ತ ಹೇಳಿದ: "ಸಪ್ಪಳ ಕೇಳ್ದ ಯಾರ ಬಾಗಲಾ ತೆಗೀತಾರವ್ವಾ?" ಅವ್ವ ಉತ್ತರ ಕೊಡಲಿಲ್ಲ. ಮುಂದಿನ ಸಲ ಅವರು ಓಣಿಯ ತುದಿಯಲ್ಲಿ ಕಂಡ ಕೂಡಲೇ, ಉರುಮೆ ಶುರುವಾಗುವ ಮುಂಚೆಯೇ, ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ನನ್ನ ಚಾಟಿಗೂ ಏನಾದರೊಂದು ಅರ್ಥ ಹೊಂದಿಸಿಬಿಟ್ಟರೆ ಅನರ್ಥದಂಡದಿಂದ ಪಾರು. ಹೊಂದಿಸಲು ನೋಡಿದೆ. ತೋಳಿಗೆ ವ್ಯಾಯಾಮ. ಮನಸ್ಸಿಗೆ ಏಕಾಗ್ರತೆ. ಅವ್ವ ದಿನಾ ನಲವತ್ತೆಂಟು ನಿಮಿಷ ಸಾಮಾಯಿಕಕ್ಕೆ ಕೂರುತ್ತಾಳೆ, ನಾನೂ ಸುಮಾರು ಅಷ್ಟೇ ಹೊತ್ತು ಬಯಲಿನಲ್ಲಿ ನಿಲ್ಲುತ್ತೇನೆ, ಇದೂ ಒಂದು ಧ್ಯಾನ. ಈಚೆಗೆ ಎಲ್ಲಕ್ಕೂ ಧ್ಯಾನವೆಂದು ಹೆಸರಿಡುವುದು ಸುಲಭವಾಗಿದೆ. ಕಾಫಿ ಕುಡಿಯುವುದೂ ಧ್ಯಾನ, ಪಾತ್ರೆ ತಿಕ್ಕುವುದೂ ಧ್ಯಾನ. ಆದರೆ ಆ ಬಯಲಿನಲ್ಲಿ ಮೊದಲ ವರ್ಷ ನಾನು ಏನನ್ನು ಧ್ಯಾನಿಸುತ್ತಿದ್ದೆ ಎಂಬುದು ನನಗೊಬ್ಬಳಿಗೇ ಗೊತ್ತು. ಹಿಂದಿನ ಕೆಲಸದಲ್ಲಿ ನನ್ನ ಮೇಲಿದ್ದ ಒಬ್ಬರು ಎಲ್ಲರೆದುರು ನನ್ನ ಉಚ್ಚಾರವನ್ನು ಅಣಕಿಸಿದ್ದರು. ಕಿವಿ ಕೇಳದವರ ಜೊತೆ ಮಾತಾಡಬೇಕಾದವಳಿಗೆ ಇಂಥ ಉಚ್ಚಾರವೇ ಎಂದು. ಪ್ರತಿ ಚಟೀರಿಗೂ ಅವರ ಮುಖವನ್ನು ಆರಡಿ ದೂರದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದೆ. ಸಮಂತಭದ್ರರ ಪಟ್ಟಿಯಲ್ಲಿ ಇದಕ್ಕೆ ಬೇರೆಯೇ ಜಾಗವಿದೆ, ಅಪಧ್ಯಾನ. ಕೋಪ ಬಿಟ್ಟ ಮೇಲೆ ಸಪ್ಪಳ ಚೆನ್ನಾಗಿ ಬಂತು ಎಂದು ಬರೆದರೆ ಓದುವವರಿಗೆ ಹಿತ. ಹಾಗೇನೂ ಆಗಲಿಲ್ಲ. ಕೋಪದಲ್ಲೂ ಸಪ್ಪಳ ಅಷ್ಟೇ ಖಡಕ್ಕಾಗಿ ಬರುತ್ತಿತ್ತು. ಚಾಟಿಗೆ ಕೈ ಗೊತ್ತು, ಮನಸ್ಸು ಗೊತ್ತಿಲ್ಲ. ಮೈಗೆ ಮಾಡುವ ದ್ರವ್ಯಹಿಂಸೆ, ಮನಸ್ಸಿನಲ್ಲೇ ಮಾಡುವ ಭಾವಹಿಂಸೆ ಎಂದು ಎರಡು ಮಾಡಿದವರು ಇದನ್ನು ಕಂಡೇ ಮಾಡಿರಬೇಕು. ನನ್ನ ಶತ್ರುವಿನ ಮೈಮೇಲೆ ಒಂದು ಗೆರೆಯೂ ಬೀಳದೆ ವರ್ಷವಿಡೀ ಹೊಡೆದೆ. ಒಂದು ದಿನ ಆ ಮುಖ ಬರುವುದು ನಿಂತಿತು, ನನ್ನ ಸಾಧನೆಯಿಂದಲ್ಲ. ಮರೆತುಹೋಯಿತು, ಅಷ್ಟೇ.

ಚಾಟಿಗೂ ಹಳೆಯ ನೆನಪುಗಳಿವೆ. ಬ್ರಿಸ್ಬೇನ್ ಹುಟ್ಟಿದ್ದು ಕೈದಿಗಳ ವಸಾಹತಾಗಿ. 1826ರಿಂದ 1830ರ ತನಕ ಅಲ್ಲಿ ಅಧಿಕಾರಿಯಾಗಿದ್ದ ಪ್ಯಾಟ್ರಿಕ್ ಲೋಗನ್ ಕೈದಿಗಳಿಗೆ ಹೊಡೆಸಿದ ಛಡಿಯೇಟುಗಳಿಗೇ ಕುಖ್ಯಾತ. ಅದು ಒಂಬತ್ತು ಬಾಲದ ಬೇರೆ ಚಾಟಿ ಎಂದು ಡ್ರೋವರ್ ವಾದಿಸುತ್ತಾರೆ. ಇರಬಹುದು. ಬಿಡಿಸಿ ಹೇಳಿದರೆ ಎರಡೂ ಹೆಣೆದ ಹುರಿಗಳೇ.

ಹೋದ ವರ್ಷ ಡ್ರೋವರ್ ವೃದ್ಧಾಶ್ರಮ ಸೇರಿದರು. ಹೋಗುವ ಮುನ್ನ ತಮ್ಮ ಚಾಟಿಯನ್ನು ನನ್ನ ಕೈಗಿಟ್ಟರು. ಕಾಂಗರೂ ತೊಗಲು, ಹನ್ನೆರಡು ಎಳೆ, ಹಿಡಿಕೆ ಅವರ ಬೆವರಿಗೆ ಕಪ್ಪಾಗಿದೆ. ಬೇಡವೆನ್ನಲು ಬಾಯಿ ಬರಲಿಲ್ಲ. ತೊಗಲಿಗೆ ವರ್ಷಕ್ಕೆ ಎರಡು ಸಲವಾದರೂ ಕೊಬ್ಬು ತಿಕ್ಕಬೇಕು, ಇಲ್ಲವಾದರೆ ಒಣಗಿ ಬಿರುಕು ಬಿಡುತ್ತದೆ. ಕುರಿಕೊಬ್ಬು ಒಳ್ಳೆಯದು ಎಂದರು. ಜೇನುಮೇಣ ನಡೆದೀತೇ ಎಂದು ಕೇಳಿದೆ, ನಮಗೆ ಅದೂ ವರ್ಜ್ಯ ಎಂಬುದು ಮರೆತು. ಈಗ ಅದು ನೈಲಾನ್ ಚಾಟಿಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ, ಮೆಲ್ಲಗೆ ಒಣಗುತ್ತಿದೆ. ಅವರನ್ನು ನೋಡಲು ಹೋದಾಗಲೆಲ್ಲ ಕೊಬ್ಬು ಹಚ್ಚಿದೆಯಾ ಎಂದು ಕೇಳುತ್ತಾರೆ. ಹೂಂ ಎನ್ನುತ್ತೇನೆ. ಪಕ್ಕದ ಮನೆಯ ಹನ್ನೊಂದು ವರ್ಷದ ಹುಡುಗ ಬೇಲಿಯಾಚೆಯಿಂದ ಎರಡನ್ನೂ ಆಸೆಗಣ್ಣಿನಿಂದ ನೋಡುತ್ತಾನೆ, ಒಮ್ಮೆ ಕೊಡಿ ಎನ್ನುತ್ತಾನೆ. ಪೂಜ್ಯಪಾದರ ಹೆದರಿಕೆಗೋ, ಅವನ ಕಣ್ಣಿಗೆ ಬಡಿದೀತೆಂಬ ಹೆದರಿಕೆಗೋ, ಇನ್ನೂ ಕೊಟ್ಟಿಲ್ಲ. ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ತಲೆದೂಗುವುದು ಮೂರೂ ಒಂದೇ ಎನ್ನುತ್ತದೆ ನಮ್ಮ ಧರ್ಮ. ಕೃತ, ಕಾರಿತ, ಅನುಮೋದನ. ಹುಡುಗ ತಲೆದೂಗಿ ಆಗಲೇ ಮೂರನೆಯದರಲ್ಲಿದ್ದಾನೆ.

ನಾನು ಬಿಟ್ಟಿಲ್ಲ. ಅಷ್ಟಮಿ, ಚತುರ್ದಶಿಗೆ ಮುಟ್ಟುವುದಿಲ್ಲ. ದಶಲಕ್ಷಣದ ಹತ್ತು ದಿನ ಮುಟ್ಟುವುದಿಲ್ಲ. ಉಳಿದ ಭಾನುವಾರಗಳಲ್ಲಿ ಐವತ್ತು ಸಲ, ಎಣಿಸಿ. ಲೆಕ್ಕ ಹಾಕಿ ಮಾಡಿದ ತಪ್ಪು ಚಿಕ್ಕದಾಗುತ್ತದೆಯೋ ದೊಡ್ಡದಾಗುತ್ತದೆಯೋ ಎಂದು ಬಸದಿಯ ಪಂಡಿತರನ್ನು ಕೇಳಬೇಕೆಂದಿದ್ದೇನೆ. ಸಂಕಲ್ಪ ಮಾಡಿ ಮಾಡಿದ್ದೇ ದೊಡ್ಡದು ಎಂದುಬಿಟ್ಟಾರೆಂದು ಕೇಳಿಲ್ಲ.

ಹೋದ ಭಾನುವಾರ ಹನ್ನೊಂದು ಗಂಟೆಗೆ ಬಯಲಿನಲ್ಲಿದ್ದೆ. ಐವತ್ತರಲ್ಲಿ ಮೂವತ್ತೆರಡು ಸಲ ಆಗಿತ್ತು. ಅಲ್ಲಿ ಊರಲ್ಲಿ ಬೆಳಗಿನ ಆರೂವರೆ. ಅವ್ವ ಸ್ನಾನ ಮುಗಿಸಿ, ಬಸದಿಗೆ ಹೊರಡುವ ಮುಂಚೆ ಫೋನು ಮಾಡಿದಳು. ಎಲ್ಲಿದ್ದಿ ಎಂದಳು. ಸುಳ್ಳು ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರ ಸಪ್ಪಳರ ಹೆಂಗ ಇರತೈತಿ? ಅವತ್ತ ಬರೇ ಹಾಡ ಕೇಳಿಸ್ತು" ಎಂದಳು. ಫೋನನ್ನು ಬೇಲಿಯ ಕಂಬದ ಮೇಲಿಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು, ತೋಳು ಎತ್ತಿ ಇಳಿಸಿದೆ. ಚೆನ್ನಾಗಿ ಬಂತು. ಕಾಕಟೂಗಳಿಗೆ ಈಗ ರೂಢಿಯಾಗಿದೆ, ಏಳಲಿಲ್ಲ.

"ಏನೂ ಕೇಳಲಿಲ್ಲವ್ವಿ" ಎಂದಳು ಅವ್ವ.

ಫೋನುಗಳು ಹಾಗೆಯೇ. ತಟ್ಟನೆ ಬರುವ ಸಪ್ಪಳವನ್ನು ಗದ್ದಲವೆಂದು ತಿಳಿದು ಅಲ್ಲಿಯೇ ಅದುಮಿಬಿಡುತ್ತವೆ. ನಾನು ರೋಗಿಗಳಿಗೆ ಕೊಡುವ ಶ್ರವಣಯಂತ್ರಗಳೂ ಅದನ್ನೇ ಮಾಡುತ್ತವೆ. ಅವ್ವನಿಗೆ ಅದನ್ನು ಹೇಗೆ ಬಿಡಿಸಿ ಹೇಳುವುದೆಂದು ಯೋಚಿಸುತ್ತ ಕಂಬದ ಹತ್ತಿರ ಬಂದೆ.

"ಜೋರ ಹೊಡಿ" ಎಂದಳು. "ಇನ್ನೊಂದ ಸಲ."

"ಅವ್ವಾ, ಗಾಳಿಗೆ…"

"ಹೊಡಿಯವ್ವಿ, ಕೇಳೂಣು."